ಮೂಲೆಯ ಕುರ್ಚಿಯಿಂದ ಬಂದ ಧ್ವನಿ

ಗೇಮ್ ಸೆಂಟರಿನ ಮೇಲಿನ ಕೋಣೆ
ಶನಿವಾರ, ನವೆಂಬರ್ ೧೫

ಮುನಿಸಿಕೊಂಡು ಹೋದ ನನ್ನ ಮಗಳೇ,

ಖರ್ಚಿನ ಬಾಬತ್ತು ಮೊದಲು ಹೇಳದಿದ್ದರೆ ನನ್ನ ಪೆನ್ನು ಓಡುವುದಿಲ್ಲ, ನಿನಗೆ ಗೊತ್ತು. ಮದುವೆ ಮಂಟಪದವನು ಮುಂಗಡ ವಾಪಸ್ ಕೊಡಲಿಲ್ಲ. ನಿನ್ನ ಸೋದರತ್ತೆ ನನ್ನ ಜೊತೆ ಮಾತು ಬಿಟ್ಟಳು. ಅದನ್ನು ಲಾಭಕ್ಕೆ ಬರೆದುಕೊಂಡಿದ್ದೇನೆ. ನೀನು ಕಾರಣ ಹೇಳದೆ ಈ ಮದುವೆ ಬೇಡ ಎಂದು ಹೊರಟುಹೋದದ್ದನ್ನು ಎಲ್ಲಿ ಬರೆಯಬೇಕೋ ತಿಳಿಯದೆ ಇಷ್ಟು ದಿನ ಕಾಗದವನ್ನೇ ಹಾಕಲಿಲ್ಲ. ಕೆಮ್ಮು ಹೇಗಿದೆ? ಹಾಸ್ಟೆಲ್ಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲವಂತೆ, ಸಂದಿಗೆ ಹಳೆಯ ಬಟ್ಟೆ ತುರುಕು.

ನೀನು ಹೋದ ಮೇಲೆ ನಿನ್ನ ಕೋಣೆಯಲ್ಲಿ ಕೂರುವುದು ರೂಢಿಯಾಗಿದೆ. ಹೋದ ವಾರ ಒಂದು ಮಧ್ಯಾಹ್ನ ನಿನ್ನ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ನಿನ್ನ ಆಟ ತೆರೆದೆ. ಕೆಳಗೆ ಗೇಮ್ ಸೆಂಟರ್ ನಡೆಸುವವಳಿಗೆ ಅಷ್ಟು ಬರದೇ? ನಿನ್ನ ಯೋಧೆ ಸೇತುವೆಯ ಮೇಲೆ ನಿಂತಿದ್ದಳು. ಪಕ್ಕದ ಗಂಡಸರಿಗೆಲ್ಲ ಕತ್ತಿನವರೆಗೆ ಕಬ್ಬಿಣ. ಇವಳಿಗೆ ಯುದ್ಧಕ್ಕೆ ಹೊರಡಲು ಕರವಸ್ತ್ರದಷ್ಟು ಬಟ್ಟೆ. ಹೊಲಿದವನು ಯಾರೋ, ಚೆನ್ನಾಗಿ ಉಳಿಸಿಕೊಂಡಿದ್ದಾನೆ. ಎಡಕ್ಕೆ ಹೋಗಬೇಕೇ ಎಂದು ಮೈಕಿನಲ್ಲಿ ಜೊತೆಯ ಆಟಗಾರರನ್ನು ಕೇಳಿದೆ, ಅಷ್ಟೇ. ಹೆಂಗಸಿನ ಧ್ವನಿ ಕೇಳಿದ್ದೇ ತಡ, ಒಬ್ಬ ನಕ್ಕ. “ಮತ್ತೆ ಬಂದ್ಲು ನೋಡ್ರೋ. ಅವತ್ತು ಅಳಿಸಿ ಕಳಿಸಿದ್ವಲ್ಲ, ಅವಳೇ.” ಆಮೇಲೆ ಅವನು ಆಡಿದ್ದನ್ನು ಕಾಗದದ ಮೇಲೆ ಇಡಲಾರೆ. ನಿನ್ನ ಮೈಯನ್ನು ಅಂಗ ಅಂಗವಾಗಿ ತೂಕಕ್ಕೆ ಹಾಕಿದ. ಉಳಿದವರು ಬೆಲೆ ಕೂಗಿದರು.

ಹೆಡ್‌ಫೋನ್ ಕಿತ್ತು ಎಸೆಯಬೇಕು ಅನ್ನುವಷ್ಟರಲ್ಲಿ ಅವನ ಮಾತಿನ ಹಿಂದಿನಿಂದ ಇನ್ನೊಂದು ಧ್ವನಿ ಬಂತು. “ಟೈಮಾಯ್ತು ಕಣ್ರಪ್ಪಾ. ಕುರ್ಚಿ ಒಳಗೆ ತಳ್ಳಿ, ಬಾಟಲಿ ತಗೊಂಡು ಹೋಗಿ.” ನನ್ನದೇ ಧ್ವನಿ, ಮಗಳೇ. ಕೆಳಗೆ ನಮ್ಮ ಅಂಗಡಿಯಲ್ಲಿ ಆಡುವವರ ಗಂಟೆ ಮುಗಿದಾಗಲೆಲ್ಲ ಹಾಕುತ್ತೇವಲ್ಲ, ಆ ರೆಕಾರ್ಡು.

ಮೆಟ್ಟಿಲಿಳಿದು ಹೋದೆ. ಮೂಲೆಯ ಕುರ್ಚಿಯಲ್ಲಿ, ಅದೇ ಸೇತುವೆಯಿದ್ದ ಪರದೆಯ ಮುಂದೆ, ಔಷಧಿ ಅಂಗಡಿಯವನು, ನಿನಗೆ ಗೊತ್ತುಮಾಡಿದ್ದ ಗಂಡು. ಮದುವೆ ಮುರಿದರೂ ವಿಶ್ವಾಸ ಬಿಡಬಾರದು ಎಂದು ಬರುತ್ತಿದ್ದ. ಪಾಪ ಎಂದು ನಾನು ದುಡ್ಡೂ ಮುಟ್ಟುತ್ತಿರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ. “ಬನ್ನಿ ಅತ್ತೆ, ನಿಮ್ಮ ಮಾತ್ರೆ ತಂದಿದೀನಿ.” ಈಗ ಬೈದದ್ದು ಯಾರನ್ನು ಗೊತ್ತೇ ಎಂದು ಕೇಳಿದೆ. ಅದು ನನ್ನ ಮಗಳ ಯೋಧೆ ಎಂದು ಹೇಳಿದ ಮೇಲೆ ಅವನ ಬಣ್ಣ ಇಳಿಯಿತು. “ಆಟದಲ್ಲಿ ಎಲ್ರೂ ಹೀಗೇ ಮಾತಾಡೋದು ಅತ್ತೆ. ನಿಮ್ಮ ಮಗಳು ಅಂತ ಗೊತ್ತಿದ್ರೆ ಬಾಯೇ ಬಿಡ್ತಿರ್ಲಿಲ್ಲ.” ಸುಳ್ಳು ಹೇಳಲಿಲ್ಲ. ಹೆಣ್ಣು ನೋಡಲು ಬಂದ ದಿನ ಹಿರಿಯರ ಮುಂದೆ ತಲೆ ತಗ್ಗಿಸಿ ಕೂತಿದ್ದ ನಿನ್ನ ಧ್ವನಿ ಅವನಿಗೆ ಹೇಗೆ ಗೊತ್ತಿರಬೇಕು? ಆ ನಿಜವೇ ನನಗೆ ಹೆದರಿಕೆ ಹುಟ್ಟಿಸಿದ್ದು. ಬೇರೆಯವರ ಮಗಳಾಗಿದ್ದರೆ ಅವನ ಲೆಕ್ಕ ಸರಿಯಾಗಿತ್ತು.

ಆದರೆ ನಿನಗೆ ಅವನ ಧ್ವನಿ ಗೊತ್ತಿತ್ತು. ಅವರು ನಿನ್ನನ್ನು ಅಳಿಸಿದ ದಿನ ಅದರ ಹಿಂದೆ ನನ್ನದೂ ಕೇಳಿರಬೇಕು. ಅವನು ಹಾಗೆಲ್ಲ ಆಡುತ್ತಿರುವಾಗ ಪಕ್ಕದಲ್ಲೇ ನಿಂತು ಅಮ್ಮ ಕುರ್ಚಿಯ ಚಿಂತೆ ಮಾಡುತ್ತಿದ್ದಾಳೆ ಅಂದುಕೊಂಡೆಯಾ? ಅದಕ್ಕೇ ಹೇಳದೆ ಹೋದೆಯಾ? ನನಗೆ ಗೊತ್ತಿರಲಿಲ್ಲ. ಆ ಕುರ್ಚಿಗಳಿಂದ ಅಂಥ ಮಾತು ದಿನವೂ ಬರುತ್ತಿತ್ತು, ಫ್ಯಾನಿನ ಸದ್ದಿನಂತೆ ಬಿಟ್ಟಿದ್ದೆ. ನಿನ್ನ ಕಿವಿಗೆ ಹೋಗುತ್ತಿದೆ ಎಂದು ಗೊತ್ತಿರಲಿಲ್ಲ. ಈಗ ರೆಕಾರ್ಡು ನಿಲ್ಲಿಸಿದ್ದೇನೆ. ಆದರೂ ಪಾತ್ರೆ ತೊಳೆಯುವಾಗ, ಬೀಗ ಹಾಕುವಾಗ, ಬೆನ್ನ ಹಿಂದೆ ನಾನೇ ಮಾತಾಡುತ್ತೇನೆ. ತಿರುಗಿದರೆ ಯಾರೂ ಇಲ್ಲ.

ಚೆನ್ನಾಗಿರು. ನಿನ್ನ ದನಿ ಯಾರೆದುರಿಗೂ ಅಡಗದಿರಲಿ.

ನಿನ್ನ ಅಮ್ಮ

ತಾ.ಕ.: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು. ನಾನು ಈಗಲೂ ಆಟದ ಆ ಸೇತುವೆಗೆ ಹೋಗುತ್ತೇನೆ. ಮೊನ್ನೆಯಿಂದ ಬೇರೊಬ್ಬ ಯೋಧೆ ಬಂದು ನಿನ್ನ ಯೋಧೆಯ ಪಕ್ಕ ನಿಲ್ಲುತ್ತಾಳೆ. ಮಾತಿಲ್ಲ, ಉಸಿರು ಮಾತ್ರ ಕೇಳುತ್ತದೆ. ನೀನೇ ಆಗಿದ್ದರೆ ಮಾತಾಡದಿದ್ದರೂ ಸರಿ, ನಿಂತಿರು. ಇನ್ನಾರದೋ ಮಗಳಾಗಿದ್ದರೂ ನಾನು ಜಾಗ ಬಿಡುವುದಿಲ್ಲ. ಯಾರಿಗೆ ಏನು ದಕ್ಕಿತು ಅಂದರೆ, ನಾನು ಹೊರಗೆ ಹಾಕಿದ ಅವನಿಗೆ ಎದುರು ಬೀದಿಯ ಸೆಂಟರಿನಲ್ಲಿ ಕುರ್ಚಿ, ಜೊತೆಗೆ ಬೇರೆ ಹೆಣ್ಣೂ ಗೊತ್ತಾಗಿದೆ. ನಾಳೆ ಆ ಹುಡುಗಿಯ ಮನೆಗೆ ಹೋಗಿ ಕೇಳಿದ್ದನ್ನು ಹೇಳುತ್ತೇನೆ. ನಿನಗೆ, ತಡವಾಗಿ ಒಬ್ಬಳು ಅಮ್ಮ. ನನಗೆ, ಆ ಉಸಿರು.