ಸೈಕಲ್ಲಿಗೆ ಕೀಲಿ ಹಾಕಿದ್ದೇನೆ, ಅವ್ವಾ

ಹಡೆದವ್ವಾ,

ಇವತ್ತು ಸೋಮವಾರ, ಒಪ್ಪತ್ತು. ಅಂಗಳ ಸಾರಿಸಿ, ಎಮ್ಮೆ ಹಿಂಡಿ, ಜಗುಲಿಯ ದೇವರಿಗೆ ನೀರು ಹಾಕಿ, ಪತ್ರಿ ಏರಿಸಿ ಕುಳಿತಿದ್ದೇನೆ. ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ನಿನ್ನ ಮೊಮ್ಮಗಳು ಶಿವಲೀಲಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನೀನು ಇದ್ದಿದ್ದರೆ...

ನೆನಪಿದೆಯಾ, ನೀನು ಕಾಲು ಮುಂದಾಗಿ ಹುಟ್ಟಿದವಳೆಂದು ಸೊಂಟ ಹಿಡಿದವರೆಲ್ಲ ಇಂಗಳೇಶ್ವರದ ನಮ್ಮ ಮನೆಗೆ ಬರುತ್ತಿದ್ದರು? ಕಟ್ಟೆಯ ಮೇಲೆ ಬೋರಲು ಮಲಗಿದವರ ಸೊಂಟಕ್ಕೆ ಎಡಗಾಲು ಮೆಲ್ಲಗೆ ತಾಗಿಸಿ, "ಏಳಪಾ, ಹಿಂದ ತಿರುಗಿ ನೋಡಬ್ಯಾಡ, ಮನಿಗೆ ಹೋಗಿ ಮಕ್ಕೋ" ಅನ್ನುತ್ತಿದ್ದೆ. ನಾವು ಈ ಮಸೂತಿ ಊರಿನಿಂದ ತವರಿಗೆ ಬಂದಾಗಲೆಲ್ಲ ಪುಟ್ಟ ಶಿವಲೀಲಾ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ನೀನು ಹೋದ ಮೇಲೆ ಅವಳು ಸೈಕಲ್ ರೇಸಿಗೆ ಇಳಿದಳು. ಹ್ಯಾಂಡಲ್ ಮೇಲೆ ಬಾಗಿ, ಗಾಳಿಗೆ ಎದುರಾಗಿ ಹೊರಟಳೆಂದರೆ ಬಸ್ಸಿನಲ್ಲಿದ್ದವರೂ ಇಣುಕಿ ನೋಡುತ್ತಾರೆ.

ಈ ಸಲ ಜೋಳದ ಸುಗ್ಗಿ ಮುಗಿದ ಮೇಲೆ ಒಂದು ದಿನ ಅವಳು ಸೈಕಲ್ಲಿನಿಂದ ಇಳಿಯಲಾರದೆ ಗೋಡೆ ಹಿಡಿದು ನಿಂತಳು. ಸೊಂಟ ನೋಯುವುದನ್ನು ನಮ್ಮಿಂದ ಮುಚ್ಚಿಟ್ಟಿದ್ದಳು. ನಿನ್ನಂತೆ ಕಾಲು ಮುಂದಾಗಿ ಹುಟ್ಟಿದವನೊಬ್ಬ ಮುಳವಾಡದಲ್ಲಿದ್ದಾನೆಂದು ಹೋಗಿ ಒದೆಸಿಕೊಂಡೂ ಬಂದಿದ್ದಳು! "ಆಯಿ ತಾಗಿಸ್ತಿದ್ಲು. ಇಂವಾ ಜಾಡಿಸಿ ಒದ್ದಾನಬೇ!" ಎಂದು ಅತ್ತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಬಾಗೇವಾಡಿಯಲ್ಲಿ ವ್ಯಾಯಾಮ ಹೇಳಿಕೊಡುವ ಡಾಕ್ಟರಬಾಯಿ ಅವಳನ್ನು ಅತ್ತ ಇತ್ತ ಬಾಗಿಸಿ ನೋಡಿದರು. "ಎಲುಬು ಗಟ್ಟಿ ಅದಾವ್ರಿ ಅಕ್ಕಾರ. ಬೆನ್ನೆಲುಬು ಹಿಡಕೊಂಡು ನಿಲ್ಲೋ ಒಳಗಿನ ಸ್ನಾಯು ಸೋತಾವು. ಕಾಲಾಗ ಕಸುವೈತಿ, ನಡದಾಗ ಇಲ್ಲ." ದಿನಾ ಮಾಡಲು ಹೇಳಿಕೊಟ್ಟದ್ದು ಇಷ್ಟು: ಅಂಗಾತ ಮಲಗಿ ಹೊಟ್ಟೆಯನ್ನು ಮೆಲ್ಲಗೆ ಬಿಗಿಹಿಡಿದು ಒಂದೊಂದೇ ಹಿಮ್ಮಡಿ ಸರಿಸುವುದು. ಮೊಣಕಾಲು ಮಡಚಿ ಸೊಂಟ ಎತ್ತಿ ತಡೆಯುವುದು. ಅಂಬೆಗಾಲಲ್ಲಿ ನಿಂತು ಬಲಗೈ, ಎಡಗಾಲು ಒಟ್ಟಿಗೆ ಚಾಚುವುದು. ಸೊಂಟ ಅಲುಗಬಾರದೆಂದು ಆಗ ಬೆನ್ನ ಮೇಲೆ ನೀರಿನ ಗ್ಲಾಸು. ಮೊದಲ ದಿನ ಗ್ಲಾಸು ಉರುಳಿ ಚಾಪೆಯೆಲ್ಲ ತೊಯ್ದಿತು. ನೆರೆಮನೆಯ ಕಾಶಕ್ಕ, "ಮಕ್ಕೊಂಡು ಮಾಡು ಕಸರತ್ತು ಇದ್ರ ನಂಗೂ ಹೇಳ್ರವಾ, ನಾ ದಿನಾ ಮಾಡ್ತೇನಿ" ಅಂದಳು. ಶಿವಲೀಲಾ ಬಿದ್ದು ಬಿದ್ದು ನಕ್ಕಳು. ಆಮೇಲೆ ಈ ಮನೆಯಲ್ಲಿ ಅವಳ ನಗು ಕೇಳಿಲ್ಲ.

ಏಕೆಂದರೆ ಅಷ್ಟರಲ್ಲಿ ಆಯ್ಕೆಯ ರೇಸಿನ ಸುದ್ದಿ ಬಂತು. ಗೆದ್ದರೆ ಕ್ರೀಡಾ ಹಾಸ್ಟೆಲ್ಲು, ಓದೂ ಅಲ್ಲೇ. "ನೋವಿನ ಗುಳಿಗಿ ನುಂಗಿ ಸೈಕಲ್ ಹೊಡಿತೇನಿ" ಅಂದಳು. ಡಾಕ್ಟರಬಾಯಿ ಖಡಾಖಂಡಿತ ಬೇಡವೆಂದರು: "ಗುಳಿಗಿ ನೋವು ಮುಚ್ತೈತಿ, ಪೆಟ್ಟು ಮುಚ್ಚಾಂಗಿಲ್ಲ." ನಾನು ಸೈಕಲ್ಲನ್ನು ಕಾಳಿನ ಕೋಣೆಯಲ್ಲಿಟ್ಟು ಕೀಲಿ ಹಾಕಿದೆ.

"ಕೀಲಿ ಕೊಡು."

"ಕೊಡಾಂಗಿಲ್ಲ."

"ನಡಾ ನಂದು, ನೋವು ನಂದು. ನಿಂದೇನೈತಿ?"

"ಹಡದಾಕಿ ನಾ."

"ಹಡದಾಕಿ ಅಂದ್ರ ಕಟ್ಟಿಹಾಕಾಕಿ ಏನು?"

ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡೆ, ಅವ್ವಾ. ಅಂದಿನಿಂದ ಅವಳ ಮಾತೆಲ್ಲ ನಿನ್ನ ಅಳಿಯನ ಮೂಲಕ. "ಅಪ್ಪಾ, ಅವ್ವಗ ಹೇಳು, ನಂಗ ರೊಟ್ಟಿ ಸಾಕು." ನಾನು ಎದುರಿಗೇ ಕುಳಿತಿರುತ್ತೇನೆ. ಅವರು ಪಾಪ, "ಕೇಳಿಸ್ತಿಲ್ಲೋ?" ಎಂದು ನನ್ನತ್ತ ನೋಡಿ, ಕೈ ತೊಳೆದು ಹೊಲದ ದಾರಿ ಹಿಡಿಯುತ್ತಾರೆ.

ಇವತ್ತೇ ಆ ರೇಸು. ಬೆಳಿಗ್ಗೆ ಅದು ಹೊರಡುವ ಹೊತ್ತಿಗೆ ಅವಳು ತಾನಾಗಿ ಚಾಪೆ ಹಾಸಿದಳು. ಕೈ ಚಾಚಿದಳು, ಕಾಲು ಚಾಚಿದಳು. ಬೆನ್ನು ಒಂದಿಷ್ಟೂ ಅಲುಗಲಿಲ್ಲ. ಕಣ್ಣೀರು ಮಾತ್ರ ಮೂಗಿನ ತುದಿಯಿಂದ ಚಾಪೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ, ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಬೆನ್ನು ಉಳಿಸಲು ಹೋಗಿ ಮಗಳನ್ನೇ...

ಇನ್ನು ಸೈಕಲ್ ಹತ್ತಬಹುದೆಂದು ಡಾಕ್ಟರಬಾಯಿ ಹೇಳಿದ ದಿನ ಕೀಲಿಯನ್ನು ಅವಳ ಕೈಗೇ ಕೊಡುತ್ತೇನೆ, ಬಸವಣ್ಣನ ಆಣೆ. ಆದರೆ ಇವತ್ತು ನಾನು ಮಾಡಿದ್ದು ಸರಿಯೇ? ಉತ್ತರ ಹೇಳಲು ನನ್ನ ಕನಸಿಗೆ ಬರಬೇಡ, ಅವಳ ಕನಸಿಗೆ ಹೋಗು. ಬೈಗುಳವೇ ಇರಲಿ, ಅವಳ ಬಳಿಯೇ ಹೇಳಿ ಕಳಿಸು. ಅವಳೇ ತಂದು, ಅಪ್ಪನ ಮೂಲಕ ಅಲ್ಲ, ತನ್ನ ಬಾಯಿಂದಲೇ ನನಗೆ ಮುಟ್ಟಿಸಲಿ.

ನಿನ್ನ ಮಗಳು,
ಗೌರವ್ವ