ವೇಗದ ಹಬ್ಬ

ಕ್ರಿ.ಶ. ೪೧,೯೦೭, ಪುಷ್ಯ ಬಹುಳ ಬಿದಿಗೆ. ಇಲ್ಲಿ ಚಂದ್ರನಿಲ್ಲ, ತಿಥಿ ಹೇಳುವ ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಹಿರಿಯರೇ,

ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಪದ್ಮಾಂಬೆ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಎಷ್ಟೋ ಆಚೆಯವಳು.

ಸುರುಳಿ ಗೆಲಾಕ್ಸಿಯ ಅಂಚಿನ ನಕ್ಷತ್ರಗಳೂ ಒಳಗಿನವುಗಳಷ್ಟೇ ವೇಗವಾಗಿ ಸುತ್ತುತ್ತವೆ ಎಂದು ನಿಮ್ಮ ಕಾಲದಲ್ಲೇ ಗೊತ್ತಾಗಿತ್ತಂತೆ. ಕಾಣದ ಯಾವುದೋ ದ್ರವ್ಯ ಅವನ್ನು ಚದುರದಂತೆ ಹಿಡಿದಿದೆ ಎಂದು ನೀವು ಊಹಿಸಿದಿರಿ, ಕಪ್ಪುದ್ರವ್ಯ ಎಂದು ಹೆಸರಿಟ್ಟಿರಿ. ನಾವು ಅದನ್ನು ಉರಿಸಲು ಕಲಿತೆವು. ನಮ್ಮ ಪ್ರತಿ ಮನೆಯಲ್ಲೂ ಒಂದು ಕರಿಒಲೆ ಇದೆ. ಹೊಗೆಯಿಲ್ಲ, ಬೂದಿಯಿಲ್ಲ. ಅನ್ನ ಬೇಯುವುದು, ಬಟ್ಟೆ ಒಣಗುವುದು, ಊರಿಗೆ ಊರೇ ಬೆಚ್ಚಗಿರುವುದು ಅದರಿಂದಲೇ. ಯಾರ ಕೈಗೂ ತಾಗದ, ಯಾರ ಕಣ್ಣಿಗೂ ಬೀಳದ ವಸ್ತು ಖರ್ಚಾದರೆ ಯಾರಿಗೇನು ನಷ್ಟ ಎಂದುಕೊಂಡೆವು.

ಹಾಗೆಂದು ನಾವು ಎಚ್ಚರಗೇಡಿಗಳಲ್ಲ. ವರ್ಷಕ್ಕೊಮ್ಮೆ ವೇಗದ ಹಬ್ಬ ಮಾಡುತ್ತೇವೆ. ಅಂದು ಪ್ರತಿ ಊರೂ ತನ್ನ ನಕ್ಷತ್ರದ ವೇಗ ಅಳೆದು ಸಾರುತ್ತದೆ. ಕಡಿಮೆಯಾಗಿಲ್ಲ ಎಂದು ಗೊತ್ತಾದ ಮೇಲೆಯೇ ಎಲೆ ಹಾಕಿ ಪಾಯಸ ಬಡಿಸುವುದು. ಹಿಡಿತ ಸಡಿಲವಾದರೆ ನಕ್ಷತ್ರ ನಿಧಾನವಾಗುತ್ತದೆ, ಆಗ ಒಲೆ ಆರಿಸಿದರಾಯಿತು ಎನ್ನುವುದು ನಮ್ಮ ಬುದ್ಧಿವಂತರ ಲೆಕ್ಕಾಚಾರ. ತಲೆಮಾರುಗಳಿಂದ ಪಾಯಸ ತಪ್ಪಿಲ್ಲ.

ನನ್ನ ತಂಗಿ ದೇವೀರಿಯನ್ನು ಕೊಟ್ಟ ಊರು ಅಂಚೂರು, ಗೆಲಾಕ್ಸಿಯ ಕಟ್ಟಕಡೆಯ ನಕ್ಷತ್ರದ ಬಳಿ. ಅಷ್ಟು ದೂರದಿಂದ ಮಾತು ಹೇಗೆ ಬರುತ್ತದೆಂದು ಕೇಳಬೇಡಿ, ನನಗೂ ತಿಳಿಯದು. ಈ ಸಲದ ಹಬ್ಬದಲ್ಲಿ ಅಂಚೂರಿನ ವೇಗ ಸಾರಿದಾಗ ಎಲ್ಲರೂ ಎಂದಿನಂತೆ ಚಪ್ಪಾಳೆ ತಟ್ಟಿದರು. ಸೌಟು ಹಿಡಿದು ನಿಂತಿದ್ದ ನನಗೆ ಅವಳ ದನಿ ಕೇಳಿಸಿತು: “ಅಕ್ಕಾ, ವೇಗ ಅಷ್ಟೇ ಇದೆ ಕಣೆ. ಆದ್ರೆ ನಾವು ಸುತ್ತುತಾ ಇಲ್ಲ. ನೆಟ್ಟಗೆ ಹೋಗ್ತಾ ಇದ್ದೀವಿ.”

ನಾನು ಸೌಟು ಕೆಳಗಿಟ್ಟೆ. ಹಿಡಿತ ತಪ್ಪಿದ ನಕ್ಷತ್ರ ಒಡನೆ ನಿಧಾನವಾಗುವುದಿಲ್ಲ, ಅದೇ ವೇಗದಲ್ಲಿ ಕತ್ತಲೆಯೊಳಗೆ ನಡೆದುಬಿಡುತ್ತದೆ. ನಾವು ವೇಗವನ್ನಷ್ಟೇ ಅಳೆದೆವು, ದಾರಿ ಇನ್ನೂ ಬಾಗುತ್ತಿದೆಯೇ ಎಂದು ಒಬ್ಬರೂ ನೋಡಲಿಲ್ಲ.

ಈಗ ಎಲ್ಲರೂ ಒಲೆ ಆರಿಸಿದ್ದೇವೆ. ಮಕ್ಕಳು ನಡುಗುತ್ತಿದ್ದಾರೆ. ಉರಿದುಹೋದದ್ದು ಮರಳಿ ಬರುವುದಿಲ್ಲ. ಅಂಚೂರಿನ ಹಿಂದೆ ಇನ್ನೂ ಕೆಲವು ಊರುಗಳು ಹೊರಟಿವೆ. ನಮ್ಮ ದಾರಿಯನ್ನೂ ಅಳೆದಿದ್ದಾರಂತೆ, ಆದರೆ ಸಾರಿಲ್ಲ.

ನಿಮ್ಮಲ್ಲಿ ಆ ಒಲೆ ಇನ್ನೂ ಹುಟ್ಟಿಲ್ಲ. ಯಾರಾದರೂ ಅದನ್ನು ತಂದು, ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದರೆ, ದಯವಿಟ್ಟು ಹಚ್ಚಬೇಡಿ. ದೇವೀರಿ ದಿನವೂ ಕೇಳುತ್ತಾಳೆ, “ನಮ್ಮನ್ನ ಯಾರಾದ್ರೂ ಹಿಡ್ಕೋತಾರಾ ಅಕ್ಕಾ?” ನಿಮಗೆ ಬರೆಯುತ್ತಿದ್ದೇನೆ ಎಂದು ಅವಳಿಗೆ ಹೇಳಿದ್ದೇನೆ.