ರಾಣಿಯ ಜಾಗದ ನಾಣ್ಯ

ಬಾಲಾನಗರ, ಹೈದರಾಬಾದ್
ಫೆಬ್ರುವರಿ 19, 1994

ಪ್ರೀತಿಯ ಅಪ್ಪಾ,

ದೂರದ ಬೋತ್ಸ್ವಾನಾದಲ್ಲಿರುವ ನಿಮಗೂ ಅವ್ವನಿಗೂ ನಿಮ್ಮ ಗುಣವತಿಯ ಶರಣು.

ಕೂಸು ಆರಾಮಾಗಿದೆ. ನಾನೇ ನಿದ್ದೆಗೆಟ್ಟವಳು. ಅತ್ತರೆ ಯಾಕೆ ಅತ್ತಿತು, ಸುಮ್ಮನಿದ್ದರೆ ಯಾಕೆ ಸುಮ್ಮನಿದೆ ಎಂದು ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತೇನೆ. ಬಿ.ಎಸ್ಸಿ. ಓದಿದ್ದು ಯಾತಕ್ಕೂ ಬರಲಿಲ್ಲ ಎಂದು ಅತ್ತೆ ನಗುತ್ತಾರೆ.

ಆದರೆ ತೊಟ್ಟಿಲ ದಿನದಿಂದ ನನ್ನ ನಿದ್ದೆ ಕೆಡಿಸಿರುವುದು ಕೂಸಲ್ಲ, ನೀವು ಸೂಗಪ್ಪ ಕಾಕಾನ ಕೈಯಲ್ಲಿ ಕಳಿಸಿದ ಬಂಗಾರದ ನಾಣ್ಯ. ಬೋತ್ಸ್ವಾನಾ ಸ್ವತಂತ್ರವಾದ ವರ್ಷದ ನೆನಪಿಗೆ, ಅದರ ಮೊದಲ ಅಧ್ಯಕ್ಷರ ಮುಖವಿಟ್ಟು ಅಚ್ಚು ಹಾಕಿದ್ದು. ನಿಮ್ಮ ಶಾಲೆಯ ಹಿರಿಯ ಮಾಸ್ತರರು ಇಷ್ಟು ವರ್ಷ ಜೋಪಾನ ಮಾಡಿ, ನಿಮಗೆ ಮೊಮ್ಮಗು ಬರುತ್ತದೆಂದು ಕೈಗಿಟ್ಟದ್ದು. ತೂತು ಬೇಡ, ಬೆಸುಗೆ ಬೇಡ, ಡಬ್ಬಿಯಲ್ಲೇ ಇರಲಿ ಎಂದು ಬರೆದಿದ್ದಿರಿ. ಅಪ್ಪಾ, ಈಗ ಅದಕ್ಕೊಂದು ಕೊಂಡಿ ಬಂದಿದೆ.

ಬಂಗಾರವೆಂದರೆ ಮೈಮೇಲಿರಬೇಕು ಎನ್ನುವವರು ಅತ್ತೆ. ನಾನು ಮಲಗಿದ್ದಾಗ ನಾಣ್ಯ ಒಯ್ದು, ಬಂಗಾರದ ಕೆಲಸ ಮಾಡುವ ಪತ್ತಾರನ ಹತ್ತಿರ ಹೋಗಿ ಬಂದಿದ್ದರು. ಅವರ ಅತ್ತೆಯ ಕಾಲದ ಗಿನ್ನಿ ಸರ ನಿಮಗೆ ನೆನಪಿರಬೇಕು, ನನ್ನ ಮದುವೆಯಲ್ಲಿ ಹಾಕಿಕೊಂಡಿದ್ದರು. ನಡುವಿನ ಬಂಗಾರದ ಗಿನ್ನಿ ನಾಣ್ಯದಲ್ಲಿ ವಿಲಾಯತಿಯ ರಾಣಿಯ ಮುಖ. ಆ ರಾಣಿಯನ್ನು ತೆಗೆಸಿ, ಅಲ್ಲಿ ನಿಮ್ಮ ನಾಣ್ಯ ಕೂಡಿಸಿ, ತೊಟ್ಟಿಲಿಗೆ ಬಂದ ಹೆಂಗಸರೆದುರು ನನ್ನ ಕೊರಳಿಗೆ ಹಾಕಿದರು. ನಿಮ್ಮ ಮಾತು ನೆನೆದು ಅದರ ಮೇಲೆ ಅರ್ಧ ಸೆರಗೆಳೆದುಕೊಂಡೆ.

ಪಕ್ಕದ ಕ್ವಾರ್ಟರ್ಸಿನ ತೆಲುಗಿನಾಕೆ ಬಗ್ಗಿ ನೋಡಿ, ಈ ಚಿತ್ರ ನಿಮ್ಮ ಮಾವನವರದೇನು ಎಂದು ಅತ್ತೆಯನ್ನು ಕೇಳಿದಳು. ಬಿಡುತ್ತಾರೆಯೇ? ‘ನಮ್ಮ ಮಾವಗ ಇಷ್ಟು ಚಂದ ಮಾರಿ ಎಲ್ಲೀದವಾ! ಒಂದು ದೇಶ ಸ್ವತಂತ್ರ ಆದಾಗ ಇವರು ಅದರ ಮೊದಲ್ನೇ ಯಜಮಾನ್ರು. ಆ ದೇಶದ ಮಕ್ಕಳಿಗೆ ಲೆಕ್ಕ ಕಲಿಸಾಕತ್ತಾರ ನಮ್ಮ ಬೀಗರು’ ಅಂದರು. ಮಾಸ್ತರಿಕಿ ಮಾಡಾಕ ಅಷ್ಟು ದೂರ ಯಾಕ ಹೋಗಬೇಕಿತ್ತು ಎಂದು ಇಷ್ಟು ದಿನ ನನ್ನನ್ನು ಹಂಗಿಸುತ್ತಿದ್ದವರು, ಅಪ್ಪಾ! ನಾನು ಸೆರಗು ಸರಿಸಿ, ನಾಣ್ಯ ಎಲ್ಲರಿಗೂ ಕಾಣುವ ಹಾಗೆ ಕೂತೆ.

ಕೊಂಡಿ ಬಿಡಿಸೆಂದರೆ ಬಿಡಿಸುತ್ತೇನೆ. ಬೆಸುಗೆಯ ಗುರುತು ಮಾತ್ರ ಹೋಗುವುದಿಲ್ಲವಂತೆ. ಆದರೆ ರಜೆಗೆ ಬಂದು, ನಿಮ್ಮ ಮೊಮ್ಮಗಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಾಲು ಕುಡಿಯುವುದನ್ನು ನೋಡಿ. ಆಮೇಲೆ ಬೈಯಿರಿ.

ನಿಮ್ಮ ಸಿಟ್ಟಿಗೆ ಹೆದರಿಯೂ ಹೆಮ್ಮೆಯಲ್ಲಿರುವ ಮಗಳು,
ಗುಣವತಿ

ತಾ.ಕ.: ತೆಗೆಸಿದ ರಾಣಿ ಎಲ್ಲಿ ಎಂದು ನಿನ್ನೆ ಅತ್ತೆಯನ್ನು ಕೇಳಿದೆ. ಕರಗಿಸಿ ಕೂಸಿನ ಕಿವಿಗೆ ಮುರುವು ಮಾಡಿಸಿದರಂತೆ, ಉಳಿದದ್ದರಲ್ಲಿ ನಿಮ್ಮ ನಾಣ್ಯದ ಕೊಂಡಿ. ‘ಇಷ್ಟು ದಿನ ಎಲ್ಲಾರ ತಲೀ ಮ್ಯಾಲ ಕುಂತಿದ್ಲು, ಈಗ ಸ್ವತಂತ್ರ ದೇಶಾನ್ನ ಎತ್ತಿ ಹಿಡೀಲಿ’ ಅಂದರು.